ಬಾವಿಯ ಮೇಲೆ ನಿಂತವರು

ನನ್ನ ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಮೊಣಕಾಲುದ್ದ ನೀರಿಗೆ ಇಳಿದದ್ದನ್ನೂ ನಾನು ನೋಡಿಲ್ಲ. ಆದರೂ ಮಗಳಿಗೆ ಈಜು ಕಲಿಸಿದವನು ತಾನೇ ಎಂದು ಬಸ್ಸಿನಲ್ಲಿ ಸಿಕ್ಕ ಗುರುತಿನವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ನಿಜವಾಗಿ ಕಲಿಸಿದವನು ನನ್ನ ಸೋದರಮಾವ, ಬೇವೂರಿನಲ್ಲಿ, ಅಜ್ಜಿಯ ಹೊಲದ ಬಾವಿಯಲ್ಲಿ. ಮೊದಲ ಬೇಸಿಗೆ ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ಬಿಟ್ಟ. ಮರುವರ್ಷ ಹೇಳದೆ ಕೇಳದೆ ಬೆಂಡು ಬಿಚ್ಚಿಬಿಟ್ಟ. ಅಪ್ಪ ರಜೆ ಸಿಕ್ಕಾಗ ಬಂದು ಬಾವಿಯ ದಂಡೆಯಲ್ಲಿ ನಿಂತು, ಕೈ ಹೀಗೆ ಚಾಚು, ಕಾಲು ಹಾಗೆ ಬಡಿ ಎಂದು ಕೂಗುತ್ತಿದ್ದ. ನೀನೇ ಇಳಿದು ತೋರಿಸು ಎಂದು ಮಾವ ಅಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಅಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ನಾವಿದ್ದದ್ದು ಯಲಬುರ್ಗಾದಲ್ಲಿ. ಅವನ ಗಾಡಿ ಒಂದು ದಿನ ಕುಷ್ಟಗಿಗೆ, ಒಂದು ದಿನ ಕೊಪ್ಪಳಕ್ಕೆ ಹೋಗುತ್ತಿತ್ತು. ಎಷ್ಟೇ ಗದ್ದಲವಿರಲಿ, ಯಾರಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಬಸುರಿ ಹೆಂಗಸು ಹತ್ತಿದರೆ ತನ್ನ ಸೀಟು ಬಿಟ್ಟುಕೊಟ್ಟು ದಾರಿಯುದ್ದಕ್ಕೂ ನಿಂತೇ ಬರುತ್ತಿದ್ದ. ಅಂಥ ಮನುಷ್ಯ ಬಾವಿಯ ದಂಡೆಗೆ ಬಂದರೆ ಬೇರೆಯೇ ಆಗುತ್ತಿದ್ದ. ಕುತ್ತಿಗೆಯ ನರ ಉಬ್ಬುತ್ತಿತ್ತು. ಅವನ ಆ ಮುಖ ಕಂಡರೆ ನನಗೆ ನೀರಿಗಿಂತ ಹೆಚ್ಚು ಭಯ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು ವರ್ಷ. ಅದರ ಹಿಂದಿನ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಊರ ಹೊರಗಿನ ಬಾವಿಯಲ್ಲಿ ಮುಳುಗಿ ಸತ್ತಿದ್ದ. ಜೊತೆಗಿದ್ದ ಯಾವ ಹುಡುಗನಿಗೂ ಈಜು ಬರುತ್ತಿರಲಿಲ್ಲ. ಅವರು ಊರಿಗೆ ಓಡಿ ಬಂದು ಜನರನ್ನು ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಓಣಿಯ ತಾಯಂದಿರು ಮಕ್ಕಳನ್ನು ಬಾವಿಯ ದಾರಿಗೇ ಬಿಡಲಿಲ್ಲ. ಆದರೆ ಹೈಸ್ಕೂಲಿನ ಡ್ರಿಲ್ ಮಾಸ್ತರರು ಬೇರೆ ರೀತಿ ಯೋಚಿಸಿದರು. ಬಾವಿಯಿಂದ ದೂರ ಇಟ್ಟರೆ ಮಕ್ಕಳು ಕದ್ದು ಹೋಗುತ್ತಾರೆ, ಅದಕ್ಕಿಂತ ಎಲ್ಲರಿಗೂ ಈಜು ಕಲಿಸಿಬಿಡಬೇಕು ಎಂದು ಮನೆಮನೆಗೆ ಹೋಗಿ ಹೇಳಿದರು. ಕಲಿಸಿಯೂ ಕಲಿಸಿದರು. ರಜೆ ಮುಗಿಯುವ ಮುಂಚೆ ಒಂದು ಪಂದ್ಯ ಇಡುವುದಾಗಿ ಸಾರಿದರು. ಪ್ರತಿ ಗುಂಪಿನಲ್ಲಿ ಮೊದಲು ಬಂದವರಿಗೆ ಊಟದ ಒಂದು ಸ್ಟೀಲ್ ಗಂಗಾಳ.

ಹೆಣ್ಣುಹುಡುಗಿ ಗಂಡುಹುಡುಗರ ನಡುವೆ ನೀರಿಗೆ ಬೀಳುವುದು ಚೆಂದವೇ ಎಂದು ಓಣಿಯ ಹಿರಿಯರು ಅಪ್ಪನನ್ನು ಕೇಳಿದರು. ಮುಳುಗುವಾಗ ನೀರು ಹೆಣ್ಣು ಗಂಡು ನೋಡುವುದಿಲ್ಲ ಎಂದು ಅಪ್ಪ ಹೇಳಿ ಕಳಿಸಿದ. ಅವ್ವ ನನಗಾಗಿ ದಪ್ಪ ಬಟ್ಟೆಯ ಒಂದು ಉದ್ದ ಚೊಣ್ಣ ಹೊಲಿದಳು. ಅದರ ಮೇಲೆ ಹಳೆಯ ಫ್ರಾಕು. ಪಂದ್ಯದ ಹಿಂದಿನ ವಾರವೆಲ್ಲ ಅಪ್ಪ ಊಟಕ್ಕೆ ಕುಳಿತಾಗಲೂ ಅದೇ ಮಾತು. ನಾನು ತುತ್ತು ನುಂಗಲಾರದೆ ಗಂಗಾಳ ನೋಡುತ್ತ ಕೂರುತ್ತಿದ್ದೆ.

ಪಂದ್ಯ ನಡೆದದ್ದು ಊರಾಚೆಯ ಒಂದು ದೊಡ್ಡ ಚೌಕ ಬಾವಿಯಲ್ಲಿ. ಒಂದು ಕಡೆ ನೀರಿನ ತನಕ ಕಲ್ಲಿನ ಮೆಟ್ಟಿಲುಗಳು, ಉಳಿದ ಮೂರು ಕಡೆ ನೆಟ್ಟಗೆ ಕಲ್ಲುಗೋಡೆ. ಮೇಲೆ ಕಟ್ಟೆ ಇರಲಿಲ್ಲ, ಬರೀ ಮಣ್ಣಿನ ದಂಡೆ. ನೀರಿನ ಮೇಲೆ ಒಂದು ಹಗ್ಗ ಅಡ್ಡ ಕಟ್ಟಿದ್ದರು. ಇಬ್ಬರು ಯುವಕರು ಲಾರಿಯ ಟ್ಯೂಬುಗಳ ಮೇಲೆ ತೇಲುತ್ತ ಕಾವಲಿಗಿದ್ದರು. ಮಾಸ್ತರರು ಎಲ್ಲರಿಗೂ ನಿಯಮ ತಿಳಿಸಿದರು: ಒಂದು ಗಿಡ್ಡ ಸೀಟಿ ಊದಿದರೆ ಹೊರಡಬೇಕು. ಉದ್ದ ಸೀಟಿ ಊದಿದರೆ ಯಾರೋ ಅಪಾಯದಲ್ಲಿದ್ದಾರೆಂದು ಅರ್ಥ. ಎಲ್ಲರೂ ಈಜು ಬಿಟ್ಟು ಹಗ್ಗ ಹಿಡಿಯಬೇಕು. ದೊಡ್ಡವರು ದಂಡೆಯಿಂದ ದೂರ ನಿಲ್ಲಬೇಕು.

ಈ ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಗಸರು ಬೇವಿನ ಮರದ ಕೆಳಗೆ ಕುಳಿತರು. ಗಂಡಸರು ಮೂರೂ ಕಡೆ ದಂಡೆಯ ತುದಿಗೇ ಬಂದು ನಿಂತರು. ಮೊದಲ ಗುಂಪಿನ ಹುಡುಗರು ನೀರಿಗೆ ಬಿದ್ದದ್ದೇ ತಡ, ಮೇಲೆ ಗದ್ದಲ ಎದ್ದಿತು. ಒಬ್ಬ ಟೇಲರ್ ದಂಡೆಯ ಮೇಲೆ ಬೋರಲು ಮಲಗಿ, ತಲೆಯನ್ನು ಬಾವಿಯೊಳಗೆ ಚಾಚಿ ಮಗನ ಮೇಲೆ ಕೂಗುತ್ತಿದ್ದ. ಅವನ ಎದೆಯ ಕೆಳಗಿನ ಮಣ್ಣು ಪುಡಿಪುಡಿಯಾಗಿ ಮಕ್ಕಳ ತಲೆಯ ಮೇಲೆ ಬೀಳುತ್ತಿತ್ತು. ಎರಡನೆಯ ಗುಂಪಿನಲ್ಲಿ ಕನ್ನಡ ಸಾಲಿಯ ಮಾಸ್ತರರೊಬ್ಬರ ಹಿರಿಯ ಮಗ ಕೊನೆಗೆ ಬಂದ. ಅವನು ಮೆಟ್ಟಿಲು ಹತ್ತಿ ಮೇಲೆ ಬಂದ ಕೂಡಲೇ ಅವರು ಎಲ್ಲರ ಮುಂದೆ ಅವನ ಕೆನ್ನೆಗೆ ಹೊಡೆದರು. ಹಸಿ ಕೆನ್ನೆಯ ಮೇಲೆ ಬಿದ್ದ ಏಟಿನ ಸಪ್ಪಳ ಕೆಳಗೆ ನಿಂತಿದ್ದ ನಮಗೂ ಕೇಳಿಸಿತು. ಡ್ರಿಲ್ ಮಾಸ್ತರರು ಹಿಂದೆ ಸರಿಯಿರಿ, ಹಿಂದೆ ಸರಿಯಿರಿ ಎಂದು ಬೇಡುತ್ತ ದಂಡೆಯ ಸುತ್ತ ಓಡಾಡುತ್ತಿದ್ದರು. ಜನ ಒಂದು ಹೆಜ್ಜೆ ಸರಿದು ಮತ್ತೆ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು.

ನನ್ನ ಗುಂಪಿನಲ್ಲಿ ನಾವು ನಾಲ್ವರು. ನಾನು, ಅದೇ ಸಾಲಿ ಮಾಸ್ತರರ ಕಿರಿಯ ಮಗ, ಅರಿವೆ ಅಂಗಡಿಯವರ ಮಗ, ಮತ್ತೆ ಕೂಲಿಯವರ ಓಣಿಯ ಒಬ್ಬ ಹುಡುಗ. ಅವನು ಯಾರ ಬಳಿಯೂ ಕಲಿತವನಲ್ಲ. ಎಮ್ಮೆ ಮೈ ತೊಳೆಯಲು ಹೋಗಿ ಹಳ್ಳದ ಮಡುವಿನಲ್ಲಿ ಈಜು ರೂಢಿಸಿಕೊಂಡವನು. ಅವನ ತಾಯಿ ಮಣ್ಣು ಹೊರುವ ಕೆಲಸಕ್ಕೆ ಹೊರಟವಳು ದಾರಿಯಲ್ಲಿ ಬಂದು, ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಗಂಡಸರ ಹಿಂದೆ, ಮೆಟ್ಟಿಲ ಬಳಿ ನಿಂತಿದ್ದಳು. ಆ ಜನರಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ಅವಳೊಬ್ಬಳೇ.

ಮೆಟ್ಟಿಲಿನಿಂದ ಎದುರಿನ ಗೋಡೆಗೆ ಎರಡು ಸಲ ಹೋಗಿ ಬರಬೇಕಿತ್ತು. ಸೀಟಿ ಕೇಳಿ ಹಾರಿದೆವು. ಬಾವಿಯೊಳಗೆ ಮೇಲಿನ ದನಿಗಳೆಲ್ಲ ಒಂದಾಗಿ, ಗೋಡೆಗೆ ಬಡಿದು ತಿರುಗಿ ಬರುತ್ತಿದ್ದವು. ಮಾತು ತಿಳಿಯುತ್ತಿರಲಿಲ್ಲ. ಆದರೆ ಅಪ್ಪನ ದನಿ ಮಾತ್ರ ಬೇರೆಯಾಗಿ ಕೇಳುತ್ತಿತ್ತು. ಅವನು ಎಡಕ್ಕೆ ಅನ್ನುತ್ತಿದ್ದನೋ ಬಲಕ್ಕೆ ಅನ್ನುತ್ತಿದ್ದನೋ ಗೊತ್ತಾಗದೆ ನಾನು ತಲೆ ಎತ್ತಿ ನೋಡಿದೆ. ದಾರಿ ತಪ್ಪಿತು. ಕೊನೆಯ ಸಲ ತಿರುಗಿ ಬರುವಾಗ ನಾನು ಪಕ್ಕದ ಗೋಡೆಯ ಕಡೆಗೆ ಸರಿಯುತ್ತಿದ್ದೆ. ಅಲ್ಲೊಂದು ಚೂಪುಗಲ್ಲು ಹೊರಗೆ ಚಾಚಿಕೊಂಡಿತ್ತು. ನಾನು ಅದನ್ನು ಕಂಡಿರಲಿಲ್ಲ.

ಆಗ ಸೀಟಿ ಕೇಳಿತು. ಉದ್ದನೆಯ ಸೀಟಿ.

ನನ್ನ ಕೈಕಾಲು ತಾವಾಗಿಯೇ ನಿಂತವು. ಹಗ್ಗ ಹಿಡಿದೆ. ಪಕ್ಕದ ಇಬ್ಬರೂ ಹಿಡಿದರು. ಕೂಲಿಯವರ ಹುಡುಗ ಮಾತ್ರ ತಲೆಯನ್ನು ನೀರೊಳಗಿಟ್ಟು ಈಜುತ್ತಲೇ ಹೋಗಿ ಮೆಟ್ಟಿಲು ಮುಟ್ಟಿದ.

ಮೇಲೆ ಹೆಂಗಸರು ಚೀರುತ್ತ ಮರದ ಕೆಳಗಿಂದ ಎದ್ದು ಓಡಿ ಬಂದರು. ಅವ್ವ ದಂಡೆಯಲ್ಲಿ ಜಾರಿದಳು. ಇಬ್ಬರು ಅವಳ ತೋಳು ಹಿಡಿದು ಎಳೆದುಕೊಂಡರು. ಡ್ರಿಲ್ ಮಾಸ್ತರರು ಬೂಟು ಸಮೇತ, ಹಾಕಿಕೊಂಡ ಬಟ್ಟೆಯಲ್ಲೇ ನೀರಿಗೆ ಹಾರಿದರು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಟ್ಯೂಬಿನ ಮೇಲಿದ್ದ ಯುವಕರು ನಾವು ನಾಲ್ವರೂ ಸುರಕ್ಷಿತವಾಗಿದ್ದೇವೆ ಎಂದು ಕೂಗಿದ ಮೇಲೆಯೇ ಅವರು ನಿಂತದ್ದು. ನಮ್ಮನ್ನೆಲ್ಲ ಮೆಟ್ಟಿಲಿಗೆ ತಂದರು. ಅವರ ಮುಖ ಬಿಳಿಚಿಕೊಂಡಿತ್ತು. ಸೀಟಿ ಊದಿದವರು ಯಾರು ಎಂದು ಯುವಕರನ್ನು ಕೇಳಿದರು. ಅವರ ಬಳಿ ಸೀಟಿಯೇ ಇರಲಿಲ್ಲ. ಮೇಲೆ ನೋಡಿ ಕೇಳಿದರು.

ಮೊದಲು ಮಾತಾಡಿದವನು ಅಪ್ಪನೇ.

“ಯಾರರ ಊದಿರ್ಲಿ ಬಿಡ್ರಿ. ಸೀಟಿ ಅಂದ್ರ ಸೀಟಿ. ನಿಂತ ಹುಡುಗ್ರು ನಿಯಮದ ಪ್ರಕಾರ ನಿಂತಾರ. ಮತ್ತೊಮ್ಮೆ ಬಿಡಬೇಕ್ರಿ.”

ಸಾಲಿ ಮಾಸ್ತರರು ಹೌದೆಂದರು. ಅಂಗಡಿಯವರು ಇನ್ನೂ ಮುಂದೆ ಹೋಗಿ, ಸೀಟಿ ಕೇಳಿಯೂ ನಿಲ್ಲದ ಹುಡುಗನನ್ನು ಪಂದ್ಯದಿಂದಲೇ ತೆಗೆಯಬೇಕು ಎಂದರು. ಆ ಹುಡುಗ ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದ. ಕುಡಿದ ನೀರನ್ನು ಕಾರಿಕೊಂಡಿದ್ದ. ಹೊಟ್ಟೆ ಏರಿಳಿಯುತ್ತಿತ್ತು. ಅವನ ತಾಯಿ ಗಂಡಸರ ನಡುವೆ ದಾರಿ ಮಾಡಿಕೊಂಡು ಎರಡು ಮೆಟ್ಟಿಲು ಇಳಿದಳು.

“ಅಂವಗ ಕೇಳಿಲ್ರಿ. ಕೇಳಿದ್ರ ನಿಲ್ತಿದ್ದ. ಮತ್ತ ಈಸಂದ್ರ ಈಸ್ತಾನ್ರಿ, ಅದಕ್ಕೇನಂತ” ಎಂದು, ಮಗನಿಗೆ ಏಳು ಎಂದಳು. ಅವನು ಎದ್ದ. ಗೋಡೆ ಹಿಡಿದುಕೊಂಡು ನೀರಿನ ಕಡೆ ತಿರುಗಿದ. ಡ್ರಿಲ್ ಮಾಸ್ತರರು ಏನೂ ತೋಚದೆ ಒಮ್ಮೆ ಅವನನ್ನು, ಒಮ್ಮೆ ಮೇಲಿನವರನ್ನು ನೋಡಿದರು.

ನಾನು ತಲೆ ಎತ್ತಿದೆ. ಅಪ್ಪ ಬೆಳಗಿನ ಕುಷ್ಟಗಿ ಪಾಳಿ ಮುಗಿಸಿ ಖಾಕಿಯಲ್ಲೇ ಬಂದಿದ್ದ. ಅವನ ಅಂಗೈ ಅಂಗಿಯ ಜೇಬಿನ ಮೇಲಿತ್ತು. ಬೆರಳ ಸಂದಿಯಲ್ಲಿ ಸೀಟಿಯ ದಾರ ನೇತಾಡುತ್ತಿತ್ತು. ದಾರ ಕಾಣದಿದ್ದರೂ ನನಗೆ ತಿಳಿದೇ ಇತ್ತು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಹಿಂದಕ್ಕೆ ಬರುವಾಗ ಗೋಡೆಗೆ ತಾಗೀತೆಂದು ಅಪ್ಪ ಊದುತ್ತಿದ್ದ ಆ ಸೀಟಿಯನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಅವನು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಹುಡುಗ ಒಂದು ಮೆಟ್ಟಿಲು ಇಳಿದ.

“ಅಪ್ಪಾ, ಸೀಟಿ ನೀನ ಊದಿದೆಲ್ಲ.”

ನಾನು ಜೋರಾಗಿ ಹೇಳಲಿಲ್ಲ. ಬಾವಿ ಆ ಮಾತನ್ನು ಮೇಲಕ್ಕೆ ಒಯ್ದಿತು. ಸುತ್ತ ನಿಂತವರೆಲ್ಲ ಅಪ್ಪನ ಕಡೆ ತಿರುಗಿದರು. ಹೌದೇ ಎಂದು ಸಾಲಿ ಮಾಸ್ತರರು ಕೇಳಿದರು. ಅಪ್ಪ ಜೇಬಿನ ಮೇಲಿನ ಕೈ ತೆಗೆದ.

“ಹುಡುಗಿ ಗ್ವಾಡಿಗಿ ಬಡಿಯಾಕ ಹೊಂಟಿದ್ಲು. ಕೈ ತಾನ ಜೇಬಿಗಿ ಹೋತ್ರಿ.”

ಡ್ರಿಲ್ ಮಾಸ್ತರರು ನೀರು ತೊಟ್ಟಿಕ್ಕುತ್ತ ಮೆಟ್ಟಿಲು ಹತ್ತಿ ಅವನೆದುರು ನಿಂತರು. ಬೈಯಲಿಲ್ಲ. ತೀರ ಸಣ್ಣ ದನಿಯಲ್ಲಿ ಹೇಳಿದರು.

“ಹ್ವಾದ ವರ್ಷ ಆ ಹುಡುಗನ ಹೆಣಾ ತಗದಾಂವ ನಾನ್ರಿ. ನಿಮ್ಮ ಸೀಟಿ ಕೇಳಿ ಮತ್ತೊಂದು ಹೆಣಾ ತಗಿಯಾಕಂತನ ಹಾರಿದೆ.”

ಅಪ್ಪ ತಲೆ ತಗ್ಗಿಸಿದ. ಗುಂಪಿನಲ್ಲಿ ಯಾರೋ ಇವನ ಮೇಲೆ ಡಿಪೋಕ್ಕೆ ದೂರು ಕೊಡಬೇಕು ಎಂದರು. ಅದೆಲ್ಲ ಬೇಡ ಎಂದು ಡ್ರಿಲ್ ಮಾಸ್ತರರು ಕೈ ಮಾಡಿದರು. ಕೂಲಿಯವರ ಹುಡುಗನೇ ಮೊದಲು ಬಂದವನು, ಮತ್ತೆ ಈಜುವುದಿಲ್ಲ ಎಂದು ಸಾರಿದರು. ಅಂಗಡಿಯವರು ಗೊಣಗುತ್ತ ಮಗನ ಕೈ ಹಿಡಿದು ಹೊರಟುಹೋದರು. ಆಗ ಅಪ್ಪ ಮೆಟ್ಟಿಲು ಇಳಿದ. ಗೋಡೆಗೆ ಕೈ ಊರಿ, ಒಂದೊಂದೇ ಮೆಟ್ಟಿಲು, ನೀರಿನ ಹತ್ತಿರದ ತನಕ. ಆ ಹುಡುಗನ ತಲೆ ಮುಟ್ಟಲು ಕೈ ಚಾಚಿದ. ಹುಡುಗ ಹೆದರಿ ತಾಯಿಯ ಹಿಂದೆ ಸರಿದ. ಅಪ್ಪನ ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ನಂತರ ಅವನು ಮೇಲೆ ಹೋದ. ನನ್ನನ್ನು ದಾಟಿಯೇ ಹೋದ.

ಮನೆಯಲ್ಲಿ ಅವನು ನನ್ನ ಜೊತೆ ಮಾತು ಬಿಟ್ಟ. ಹೊಡೆಯಲಿಲ್ಲ, ಬೈಯಲಿಲ್ಲ. ನೀರು ಬೇಕಾದರೂ ಅವ್ವನಿಗೆ ಹೇಳುತ್ತಿದ್ದ. ನಾನು ಎದುರು ಬಂದರೆ ಗೋಡೆ ನೋಡುತ್ತಿದ್ದ. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ನನಗೆ. ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಅವ್ವ ಒಂದು ದಿನ ಕೇಳಿಯೇಬಿಟ್ಟಳು. ಅವನು ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡ.

ಸಾಲಿ ಸುರುವಾಗುವ ಮುಂಚೆ ನನ್ನನ್ನು ಅಜ್ಜಿಯ ಊರಿಗೆ ಕಳಿಸಿದರು. ಅಂದು ಬಸ್ಸಿನಲ್ಲಿ ಅಪ್ಪನದೇ ಪಾಳಿ. ಜನ ಇಳಿದು ಗಾಡಿ ಅರ್ಧ ಖಾಲಿಯಾದ ಮೇಲೆ ಬಂದು ನನ್ನ ಪಕ್ಕ ಕುಳಿತ. ಹೊರಗೆ ಎರೆಹೊಲ ಬಿರುಕು ಬಿಟ್ಟುಕೊಂಡು ಬಿದ್ದಿತ್ತು. ಅದನ್ನೇ ನೋಡುತ್ತ ಕೇಳಿದ.

“ಮನಿಗಿ ಬಂದ ಮ್ಯಾಲ ಕೇಳಿದ್ರ ಆಗ್ತಿರ್ಲಿಲ್ಲೇನ?”

“ಅಷ್ಟ್ರಾಗ ಆ ಹುಡುಗ ಮತ್ತ ಈಸಬೇಕಾಗ್ತಿತ್ತಲ್ಲಪ್ಪ” ಎಂದೆ.

ಬೇವೂರು ಬಂದಾಗ ಅಪ್ಪ ನನ್ನ ಚೀಲ ತಾನೇ ಇಳಿಸಿದ. ಮಾವನಿಗೆ, ಇವಳು ತಲೆ ಎತ್ತಿ ಈಜುತ್ತಾಳೆ, ಅದನ್ನು ಬಿಡಿಸು ಎಂದು ಹೇಳಿ ಗಾಡಿ ಹತ್ತಿದ.

ಮರುವರ್ಷ ಡ್ರಿಲ್ ಮಾಸ್ತರರು ದಂಡೆಯಿಂದ ಬಹಳ ದೂರದಲ್ಲಿ ಗೂಟ ನೆಟ್ಟು ಹಗ್ಗ ಎಳೆದರು. ಯಾರ ಮಕ್ಕಳು ನೀರಿನಲ್ಲಿದ್ದಾರೋ ಅವರು ಬೇವಿನ ಮರದ ಕೆಳಗೆ ಕುಳಿತುಕೊಳ್ಳಬೇಕು, ಮಕ್ಕಳು ಮೇಲೆ ಬರುವ ತನಕ ಸೊಲ್ಲೆತ್ತಬಾರದು. ಟೇಲರ್ ಆಗಲೂ ಹಗ್ಗದ ಕೆಳಗೆ ನುಸುಳಿ ಬಂದ. ಅವನನ್ನು ಎರಡು ಸಲ ಹಿಂದೆ ಕಳಿಸಬೇಕಾಯಿತು. ಅಪ್ಪ ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಡ್ಯೂಟಿ ಇದೆ ಎಂದಿದ್ದ. ನಾನು ಮೆಟ್ಟಿಲು ಇಳಿಯುವಾಗ ನೋಡಿದರೆ ಧೋತರ ಉಟ್ಟುಕೊಂಡು ಮರದ ಕೆಳಗೆ ಕುಳಿತಿದ್ದ, ಬಾವಿಗೆ ಬೆನ್ನು ಮಾಡಿ.

ಆ ಸಲವೂ ಕೂಲಿಯವರ ಹುಡುಗ ನನ್ನ ಗುಂಪಿನಲ್ಲೇ ಇದ್ದ. ಅವನ ತಾಯಿ ಅಪ್ಪನಿಂದ ಸ್ವಲ್ಪ ದೂರದಲ್ಲಿ, ಮೆಟ್ಟಿಲ ಕಡೆಯಿಂದ ನೀರು ಕಾಣುವ ಜಾಗದಲ್ಲಿ ನಿಂತಿದ್ದಳಂತೆ. ಮುಂದಿನದನ್ನು ಅವ್ವ ನನಗೆ ಆಮೇಲೆ ಹೇಳಿದಳು. ಅಪ್ಪ ತಿರುಗಿ ನೋಡುವುದಿಲ್ಲವೆಂದು ಕಂಡು, ಆಕೆ ತಾನಾಗಿಯೇ ಸಣ್ಣ ದನಿಯಲ್ಲಿ ಹೇಳತೊಡಗಿದಳಂತೆ.

“ಹಾರ್ಯಾರ್ರಿ ಅಣ್ಣಾರ. ನಿಮ್ಮ ಹುಡುಗಿ ನೆಟ್ಟಗ ಹೊಂಟಾಳ.”

ಅಪ್ಪ ಮಣ್ಣು ಕೆರೆಯುತ್ತ ಕೇಳುತ್ತಿದ್ದನಂತೆ. ಸ್ವಲ್ಪ ಹೊತ್ತಿನ ಮೇಲೆ ನಿಮ್ಮ ಹುಡುಗ ಎಲ್ಲಿದ್ದಾನೆ ಎಂದು ಕೇಳಿದನಂತೆ. ಮುಂದೆ ಇದ್ದಾನೆ ಎಂದಳು. ಹಾಗಾದರೆ ನೀವು ನಿಮ್ಮ ಮಗನನ್ನು ನೋಡಿರಿ, ನನಗೆ ಆಮೇಲೆ ಹೇಳಿದರಾಯಿತು ಎಂದನಂತೆ.

ನೀರಿನೊಳಗೆ ನನಗೆ ನನ್ನ ಕೈಯ ಸಪ್ಪಳ, ಪಕ್ಕದವರ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅಷ್ಟು ಸದ್ದಿಲ್ಲದ್ದು ನನಗೆ ಹೊಸದು. ಮೊದಮೊದಲು ಹೆದರಿಕೆಯಾಯಿತು, ಮೇಲೆ ಎಲ್ಲರೂ ಎದ್ದು ಹೋಗಿಬಿಟ್ಟಿದ್ದಾರೇನೋ ಅನ್ನಿಸಿತು. ತಲೆ ಎತ್ತಬೇಕೆನ್ನಿಸಿದರೂ ಎತ್ತಲಿಲ್ಲ. ಆ ಹುಡುಗನ ಹಿಂದೆಯೇ ಮೆಟ್ಟಿಲು ಮುಟ್ಟಿದೆ.

ಮೇಲೆ ಬಂದು ಅಪ್ಪನ ಹತ್ತಿರ ಹೋದೆ. ಅವನು ಇನ್ನೂ ಆ ಕಡೆಗೇ ಮುಖ ಮಾಡಿ ಕುಳಿತಿದ್ದ. ಅಂಗಿಯ ಬೆನ್ನು ಪೂರ್ತಿ ಬೆವರಿನಿಂದ ತೊಯ್ದಿತ್ತು, ಈಜಿ ಬಂದವನು ಅವನೇ ಎಂಬಂತೆ.

“ಎಷ್ಟನೇದಾಕಿ?”

“ಎರಡನೇದಾಕಿ.”

ಆಗ ತಿರುಗಿದ. ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈಗೆ ಕೊಟ್ಟು, ತಲೆ ಒರೆಸಿಕೋ, ನೆಗಡಿಯಾಗುತ್ತದೆ ಎಂದ. ಆ ಹುಡುಗ ಗಂಗಾಳ ಹಿಡಿದುಕೊಂಡು ಬರುತ್ತಿದ್ದ. ಅಪ್ಪ ಎದ್ದು, ಅವನ ತಾಯಿಗೆ ನೆರಳಲ್ಲಿ ಕೂರಲು ಜಾಗ ಬಿಟ್ಟುಕೊಟ್ಟ.