ಅರಿಶಿನ ಕುಂಕುಮದ ರಾಡುಗಳು

"ಎಲ್ಲಾ ಕಬ್ಬಿಣಾನೂ ಕಬ್ಬಿಣಾನೇ ಬಿಡಿ" ಎಂದು ಯಾರಾದರೂ ಅಂದರೆ ಸಾಕು, ಗದಿಗೆಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. "ಬೆಳ್ಳಗಿರೂದೆಲ್ಲಾ ಹಾಲೇನ್ರೀ? ಸುಣ್ಣದ ನೀರ ಕುಡೀತೀರೇನು ಹಂಗಾದ್ರ?" ಎಂದು ಕೇಳಿ ಎದುರಿಗಿದ್ದವರ ಬಾಯಿ ಮುಚ್ಚಿಸಿಬಿಡುತ್ತಿದ್ದ. ರೋಣದ ಕಡೆಯ ಮನುಷ್ಯ. ಪೀಣ್ಯಕ್ಕೆ ಬಂದು ಹದಿನೇಳು ವರ್ಷವಾಗಿದ್ದರೂ ನಾಲಗೆ ಮಾತ್ರ ಊರು ಬಿಟ್ಟು ಬಂದಿರಲಿಲ್ಲ.

ಪೀಣ್ಯದ ಎರಡನೇ ಹಂತದಲ್ಲಿ ವಿಶ್ವನಾಥ್ ಎಂಬವರ ಒಂದು ಶೆಡ್ಡಿನ ವರ್ಕ್‌ಶಾಪು. ಆರು ಲೇತು, ಎರಡು ಮಿಲ್ಲಿಂಗ್ ಮಷೀನು, ಬಾಗಿಲ ಹತ್ತಿರ ರಾಡು ಕೊಯ್ಯುವ ಹ್ಯಾಕ್ಸಾ ಮಷೀನು. ಗದಿಗೆಪ್ಪ ಅಲ್ಲಿನ ಸ್ಟೋರ್ ಕೀಪರ್. ಲೋಹದಂಗಡಿಯಿಂದ ಬಂದ ರಾಡುಗಳನ್ನೆಲ್ಲ ಕಬ್ಬಿಣದ ಸಾಲುಗಳಲ್ಲಿ ಜೋಡಿಸಿಟ್ಟು, ಯಾವ ಕೆಲಸಕ್ಕೆ ಯಾವ ರಾಡು ಎಂದು ನಿರ್ಧರಿಸಿ, ತನ್ನ ಕೈಯಾರೆ ಎಳೆದು ಕೊಡುವುದು ಅವನ ಉದ್ಯೋಗ. ನೋಟಕ್ಕೆ ಎಲ್ಲ ರಾಡೂ ಒಂದೇ, ಕಪ್ಪಗೆ, ಉದ್ದಕ್ಕೆ. ಆದರೆ ಒಂದು ಸಾದಾ ಉಕ್ಕು, ಒಂದು ಇಎನ್ ಎಯ್ಟ್ ಎಂಬ ಮಧ್ಯಮ ಗಟ್ಟಿಯದು, ಇನ್ನೊಂದು ಇಎನ್ ಟ್ವೆಂಟಿಫೋರ್, ನಿಕ್ಕಲ್ಲು ಕ್ರೋಮಿಯಮ್ಮು ಬೆರೆಸಿ ಹದ ಮಾಡಿದ್ದು, ಭಾರ ಹೊರುವಂಥದು. ಒಂದರ ಜಾಗದಲ್ಲಿ ಇನ್ನೊಂದು ಹೋದರೆ ಮಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಮುರಿಯುವ ದಿನವಷ್ಟೇ ಗೊತ್ತಾಗುತ್ತದೆ.

ಅದಕ್ಕೆಂದೇ ಗದಿಗೆಪ್ಪ ಪ್ರತಿ ರಾಡಿನ ಒಂದು ತುದಿಗೆ ಬಣ್ಣ ಬಳಿಯುತ್ತಿದ್ದ. ಕೊಯ್ಯುವುದೇನಿದ್ದರೂ ಬಣ್ಣವಿಲ್ಲದ ಕಡೆಯಿಂದ. ಕೊನೆಯ ಗೇಣುದ್ದದ ತುಂಡು ಉಳಿಯುವ ತನಕ ಬಣ್ಣ ಉಳಿಯಬೇಕು. ಆದರೆ ಯಾವ ಬಣ್ಣಕ್ಕೆ ಯಾವ ಉಕ್ಕು ಎಂದು ಅವನು ಯಾರಿಗೂ ಹೇಳಿದವನಲ್ಲ. ಗೋಡೆಯ ಮೇಲೊಂದು ಚೀಟಿ ಇಲ್ಲ, ಪುಸ್ತಕದಲ್ಲೊಂದು ಸಾಲಿಲ್ಲ. ಹ್ಯಾಕ್ಸಾ ಮಷೀನಿನ ಆವಲಪ್ಪ ಎಷ್ಟೋ ಸಲ ಕೇಳಿದ್ದ, "ಅಣ್ಣೋ, ಈ ನೀಲಿ ಯಾವ್ದು, ಈ ಅಳದಿ ಯಾವ್ದು?" ಗದಿಗೆಪ್ಪನದು ಒಂದೇ ಉತ್ತರ: "ಅದು ನಿನಗ್ಯಾಕಪಾ? ಕೊಟ್ಟದ್ದು ಕೊಯ್ಯಿ."

ಯಾಕೆ ಹೀಗೆ ಎಂದರೆ, ಭಯ ಕಣ್ರೀ, ಇನ್ನೇನು? ಏಳನೇ ಕ್ಲಾಸು ಓದಿದವನು. ಡಿಪ್ಲೊಮಾ ಹುಡುಗರು ದಿನಾ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಾಲ ಅದು. ತನ್ನ ತಲೆಯೊಳಗಿರುವುದು ಗೋಡೆಗೆ ಬಂದರೆ ತನಗೆ ಗೇಟಿನ ದಾರಿ ಎಂದು ಅವನು ನಂಬಿದ್ದ. ಹೆಂಡತಿ ಸಿದ್ದಮ್ಮನಿಗೂ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ತೊಂಬತ್ತಾರರ ದಸರೆಗೆ ಅವನು ಐದು ದಿನ ರಜೆ ಹಾಕಿ ಊರಿಗೆ ಹೋದ. ವಾಪಸು ಬಂದ ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟ.

ಸ್ಟೋರು ಮದುವೆ ಮನೆಯ ಹಾಗೆ ಲಕಲಕ ಎನ್ನುತ್ತಿತ್ತು. ನೆಲ ತೊಳೆದು ರಂಗೋಲಿ ಹಾಕಿದ್ದಾರೆ, ಸಾಲುಗಳ ಧೂಳು ಹೊಡೆದಿದ್ದಾರೆ, ರಾಡುಗಳಿಗೆಲ್ಲ ಎಣ್ಣೆ ಒರೆಸಿ ಗಿಡ್ಡದ್ದು ಕೆಳಗೆ ಉದ್ದದ್ದು ಮೇಲೆ ಎಂದು ಅಂದವಾಗಿ ಜೋಡಿಸಿದ್ದಾರೆ. ಒಂದೊಂದು ರಾಡಿನ ತುದಿಗೂ ಅಚ್ಚ ಹಳದಿ ಬಣ್ಣ, ಅದರ ನಟ್ಟನಡುವೆ ಕೆಂಪು ಬೊಟ್ಟು. ನೀಲಿ ಇಲ್ಲ, ಬಿಳಿ ಇಲ್ಲ, ಹಸಿರು ಇಲ್ಲ.

"ಆವಲಪ್ಪಾ!" ಗದಿಗೆಪ್ಪನ ಕೂಗಿಗೆ ಲೇತುಗಳೇ ಒಂದು ಗಳಿಗೆ ನಿಂತವು.

ಆವಲಪ್ಪ ನಗುನಗುತ್ತಾ ಬಂದ. ಪಕ್ಕದ ನೆಲಗದರನಹಳ್ಳಿಯವನು, ಮೈಮುರಿದು ಕೆಲಸ ಮಾಡುವ, ದೈವಭಕ್ತಿ ಕೊಂಚ ಹೆಚ್ಚಾದ ಆಸಾಮಿ. "ಎಂಗೈತೆ ಅಣ್ಣೋ? ಆಯುಧಪೂಜೆ ಅಲ್ವಾ, ನೀನಿಲ್ದಿದ್ರೂ ನಿನ್ ಸ್ಟೋರು ಲಕ್ಷಣವಾಗಿರ್ಲಿ ಅಂತ. ಅರಿಶಿನ ಅಚ್ಚಿದ್ರೆ ಎಣ್ಣೇಗೆ ಉದುರೋಗ್ತದೆ. ಅದ್ಕೇ ಪೇಂಟೇ ಒಡ್ದ್‌ಬಿಟ್ಟೆ. ವರ್ಷ ಪೂರ್ತಿ ಇರ್ತದೆ!"

"ವರ್ಷ ಪೂರ್ತಿ ಇರತೈತಿ, ಹೌದಪಾ" ಎಂದ ಗದಿಗೆಪ್ಪ. ಬೈಯಲೂ ಶಕ್ತಿ ಬರಲಿಲ್ಲ. "ಹೋಗಲಿ. ನಾ ಬರೂತನಾ ಒಂದು ರಾಡೂ ಮುಟ್ಟಿಲ್ಲ ಹೌದಿಲ್ಲೋ?"

ಆವಲಪ್ಪನ ನಗು ಸಣ್ಣಗಾಯಿತು. "ಮುಟ್ಟಿದ್ವಲ್ಲ. ಹೋಯ್ಸ್ಟಿನ ಪಿನ್ನು ಅರ್ಜೆಂಟು ಅಂತ ಸಾರು ಯೋಳಿದ್ರು. ಮೂವತ್ತು ಪೀಸು. ಮೂರನೇ ಸಾಲಿಂದ ತಕ್ಕೋ ಅಂದ್ರು, ತಕ್ಕೊಂಡೆ. ನೆನ್ನೆನೇ ಡೆಲಿವರಿ ಆಯ್ತು."

ಗದಿಗೆಪ್ಪ ಮೂರನೇ ಸಾಲಿನ ಕಡೆ ಓಡಿದ. ಮೂರನೇ ಸಾಲು ಹಬ್ಬಕ್ಕೆ ಮುಂಚೆ ಟ್ವೆಂಟಿಫೋರಿನ ಸಾಲು, ನಿಜ. ಹಬ್ಬದ ಮೇಲೆ ಅದು ಗಿಡ್ಡ ರಾಡುಗಳ ಸಾಲು. ಪಿನ್ನಿಗೆ ಬೇಕಾದ ನಲವತ್ತು ಮಿಲಿಮೀಟರು ದಪ್ಪದ ಎಯ್ಟೂ ಅಲ್ಲಿದೆ, ಟ್ವೆಂಟಿಫೋರೂ ಅಲ್ಲಿದೆ. ಆ ಪಿನ್ನುಗಳು ಹೋಗುವುದು ಭಾರ ಎತ್ತುವ ಹೋಯ್ಸ್ಟಿಗೆ. ಎರಡೆರಡು ಟನ್ನು ತೂಗಿ ಎತ್ತುವ ಕೊಕ್ಕೆ ಒಂದೊಂದು ಪಿನ್ನಿನ ಮೇಲೆ ನಿಂತಿರುತ್ತದೆ. ಕೆಳಗೆ ಜನ ಓಡಾಡುತ್ತಿರುತ್ತಾರೆ.

ವಿಶ್ವನಾಥ್ ಕ್ಯಾಬಿನ್ನಿನಲ್ಲಿ ಗ್ರಾಹಕರ ಗೋಡೌನಿಗೆ ನಾಲ್ಕು ಸಲ ಫೋನು ತಿರುಗಿಸಿದರು. ನಾಲ್ಕು ಸಲವೂ ಎಂಗೇಜು. "ನೀವು ಸುಮ್ನೆ ಗಾಬರಿ ಆಗ್ತಿದ್ದೀರೇನೋ ಗದಿಗೆಪ್ಪನೋರೇ. ಸರಿ ರಾಡೇ ಹೋಗಿರಬಹುದಲ್ವಾ?"

"ಹೋಗಿರಬಹುದು ಸಾಹೇಬ್ರ. ಹೋಗಿರಬಹುದು ಅಂತ ನೀವು ಅದರ ಕೆಳಗ ನಿಂದರ್ತೀರೇನು?"

ವಿಶ್ವನಾಥ್ ಸ್ಕೂಟರಿನ ಕೀ ತೆಗೆದುಕೊಂಡರು. ಗದಿಗೆಪ್ಪ ಉಕ್ಕು ಉಜ್ಜುವ ಕೈ ಗ್ರೈಂಡರನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಜೇಬಿನಲ್ಲಿ ಎರಡು ಹಳೆಯ ತುಂಡುಗಳು, ಒಂದು ಎಯ್ಟು, ಒಂದು ಟ್ವೆಂಟಿಫೋರು. ಲ್ಯಾಬಿನಲ್ಲಿ ಪರೀಕ್ಷೆಯಾದವು, ಅವುಗಳ ಬಗ್ಗೆ ಅನುಮಾನವಿಲ್ಲ.

ತುಮಕೂರು ರಸ್ತೆಯ ಲಾರಿಗಳ ನಡುವೆ ನುಸುಳಿ ಮಾದನಾಯಕನಹಳ್ಳಿಯ ಗೋಡೌನು ಮುಟ್ಟುವ ಹೊತ್ತಿಗೆ ಅಲ್ಲಿ ಲೋಡಿಂಗು ನಡೆದಿತ್ತು. ಸೂಪರ್‌ವೈಸರ್ ನರಸಪ್ಪ ವಿಷಯ ಕೇಳಿ ಹುಬ್ಬು ಗಂಟಿಕ್ಕಿದ. ಇಪ್ಪತ್ತಾರು ಪಿನ್ನು ಮೇಜಿನ ಮೇಲೆ ಬಿಡಿಯಾಗಿವೆ, ನಾಲ್ಕನ್ನು ಎರಡು ಹೋಯ್ಸ್ಟಿಗೆ ಕೂಡಿಸಿ ಲಾರಿಗೆ ಏರಿಸಿಯಾಗಿದೆ ಎಂದ.

ಗದಿಗೆಪ್ಪ ಗೋಡೌನಿನ ಕತ್ತಲೆ ಮೂಲೆಗೆ ಮೇಜು ಎಳೆಸಿದ. ಗ್ರೈಂಡರಿಗೆ ತಾಗಿಸಿದಾಗ ಹಾರುವ ಕಿಡಿ ನೋಡಿ ಉಕ್ಕಿನ ಜಾತಿ ಹೇಳಬಹುದು, ಆದರೆ ಬೆಳಕಿನಲ್ಲಿ ಕಿಡಿ ಓದಲು ಬರುವುದಿಲ್ಲ. ಮೊದಲು ತನ್ನ ಎರಡು ತುಂಡುಗಳನ್ನು ಗ್ರೈಂಡರಿಗೆ ತಾಗಿಸಿದ. ಎಯ್ಟಿನ ಕಿಡಿ ಸುರುಸುರು ಬತ್ತಿಯ ಹಾಗೆ ನಕ್ಷತ್ರ ನಕ್ಷತ್ರವಾಗಿ ಸಿಡಿಯಿತು. ಟ್ವೆಂಟಿಫೋರಿನದು ಗಂಭೀರ. ಕೆಂಪು ಗೆರೆ, ಕಡಿಮೆ ನಕ್ಷತ್ರ, ಗೆರೆಯ ಕೊನೆಗೊಂದು ಈಟಿಯ ಮೊನೆ. ಕಣ್ಣಿಗೆ ಎರಡೂ ಕೂತ ಮೇಲೆ ಒಂದೊಂದೇ ಪಿನ್ನಿನ ತುದಿಯನ್ನು ಕೂದಲೆಳೆಯಷ್ಟು ಮುಟ್ಟಿಸುತ್ತಾ ಹೋದ.

ಒಂದು. ಈಟಿ. ಐದು. ಈಟಿ. ಹನ್ನೆರಡು, ಹದಿನೇಳು, ಇಪ್ಪತ್ತು. ಎಲ್ಲವೂ ಈಟಿ. ಇಪ್ಪತ್ತಾರನೆಯದೂ ಸರಿ ಬಂದಾಗ ವಿಶ್ವನಾಥ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. "ಅಬ್ಬಾ! ಬದುಕಿಕೊಂಡ್ವಿ."

"ಇನ್ನೂ ನಾಲ್ಕು ಅದಾವು" ಎಂದ ಗದಿಗೆಪ್ಪ.

ನರಸಪ್ಪನಿಗೆ ರೇಗಿತು. "ರೀ ಸ್ವಾಮಿ, ಅನ್ನ ಬೆಂದಿದೆಯಾ ಅಂತ ಒಂದಗುಳು ನೋಡಿದ್ರೆ ಸಾಕು. ನೀವು ಇಪ್ಪತ್ತಾರು ನೋಡಿದ್ರಲ್ಲ! ಲಾರಿ ಹೊರಡ್ತಾ ಇದೆ, ಇಳಿಸೋಕಾಗಲ್ಲ."

"ಅನ್ನ ಒಂದ ಪಾತ್ರೀದು ಸಾಹೇಬ್ರ. ಇವು ಒಂದ ರಾಡಿನವು ಅಂತ ಯಾರು ಹೇಳ್ಯಾರ?" ಎಂದ ಗದಿಗೆಪ್ಪ, ಗೋಣಿ ಹೆಗಲಿಗೇರಿಸಿ, ಐವತ್ತೆರಡರ ವಯಸ್ಸಿನಲ್ಲಿ ಲಾರಿಯ ಚಕ್ರಕ್ಕೆ ಕಾಲು ಕೊಟ್ಟು ಹತ್ತಿಯೇಬಿಟ್ಟ. ವಿಶ್ವನಾಥ್ ವೈರು ಎಳೆದು ಕೊಟ್ಟರು. ಡ್ರೈವರು ಗೊಣಗುತ್ತಾ ಟಾರ್ಪಾಲು ಮುಚ್ಚಿ ಕತ್ತಲೆ ಮಾಡಿಕೊಟ್ಟ.

ಹೊರಗೆ ಚಾಚಿಕೊಂಡಿದ್ದ ಮೊದಲ ಪಿನ್ನಿನ ತುದಿ ಮುಟ್ಟಿಸಿದ. ಈಟಿ. ಎರಡನೆಯದು, ಈಟಿ. ಇನ್ನೊಂದು ಹೋಯ್ಸ್ಟಿನ ಮೇಲೆ ಗ್ರೈಂಡರು ತಾಗಿತೋ ಇಲ್ಲವೋ, ಟಾರ್ಪಾಲಿನೊಳಗೆಲ್ಲ ನಕ್ಷತ್ರ ಚೆಲ್ಲಿದವು. ಅದರ ಜೊತೆಯದನ್ನು ಮುಟ್ಟಿಸಿದ. ಮತ್ತೆ ನಕ್ಷತ್ರ.

ಗದಿಗೆಪ್ಪನಿಗೆ ಲೆಕ್ಕ ಹೊಳೆಯಿತು: ಮೊದಲ ರಾಡು ಇಪ್ಪತ್ತೆಂಟು ಪಿನ್ನಿಗೆ ಮುಗಿದಿದೆ, ಕೊನೆಯ ಎರಡನ್ನು ಆವಲಪ್ಪ ಪಕ್ಕದ ರಾಡಿನಿಂದ ಕೊಯ್ದಿದ್ದಾನೆ. ಆ ಎರಡೂ ಒಂದೇ ಹೋಯ್ಸ್ಟಿಗೆ ಕೂತಿವೆ. ನರಸಪ್ಪ ತಾನೇ ಸ್ಪ್ಯಾನರ್ ತಂದು ಎರಡೂ ಪಿನ್ನು ಬಿಚ್ಚಿ ಗದಿಗೆಪ್ಪನ ಕೈಗೆ ಹಾಕಿದ. "ಕ್ಷಮಿಸಿ ಸ್ವಾಮಿ" ಎಂದ. ಗದಿಗೆಪ್ಪ ಅಲ್ಲೇ ಹೋಯ್ಸ್ಟಿನ ಮೇಲೆ ಕುಳಿತು, ಹೋದ ಜೀವ ಬಂದವನಂತೆ ಒಂದು ಚೊಂಬು ನೀರನ್ನು ಗಟಗಟನೆ ಕುಡಿದ.

ವರ್ಕ್‌ಶಾಪಿಗೆ ವಾಪಸಾದಾಗ ಆವಲಪ್ಪ ಊಟದ ಡಬ್ಬಿ ಬಿಚ್ಚದೆ ಮಷೀನಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಸುದ್ದಿ ಕೇಳಿ ಕಣ್ಣು ತುಂಬಿಕೊಂಡ. "ನಂದೇ ತಪ್ಪು ಸಾರ್. ನನ್ನ ತೆಗೆದಾಕಿ."

ವಿಶ್ವನಾಥ್ ಗದಿಗೆಪ್ಪನ ಮುಖ ನೋಡಿದರು. ಇಲ್ಲಿ ಸುಮ್ಮನಿದ್ದಿದ್ದರೆ ಗದಿಗೆಪ್ಪ ಗೆದ್ದಂತೆಯೇ, ತಪ್ಪೆಲ್ಲ ಆವಲಪ್ಪನದಾಗುತ್ತಿತ್ತು. ಗದಿಗೆಪ್ಪ ಗೋಣಿ ಕೆಳಗಿಟ್ಟ.

"ಇವಂದಲ್ಲ ಸಾಹೇಬ್ರ. ನೀಲಿ ಅಂದ್ರ ಏನು ಅಂತ ಇಂವ ಹತ್ತ ಸಲ ಕೇಳ್ಯಾನ. ನಾ ಹೇಳಲಿಲ್ಲ. ಹೇಳಿದ್ರ ನನ್ನ ಬೆಲೆ ಹೋಗತೈತಿ ಅಂತ ಅಂಜಿದ್ದೆ."

ವಿಶ್ವನಾಥ್ ಸ್ಕೂಟರಿನ ಕೀಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ನಿಮ್ಮನ್ನ ಇಟ್ಕೊಂಡಿರೋದು ಬಣ್ಣಕ್ಕಲ್ಲ ಗದಿಗೆಪ್ಪನೋರೇ. ಆ ಲಾರಿ ಹತ್ತಿದ್ರಲ್ಲ, ಅದಕ್ಕೆ" ಎಂದು ಹೇಳಿ ಹೊಸ ಎರಡು ಪಿನ್ನಿನ ವ್ಯವಸ್ಥೆ ನೋಡಲು ಒಳಗೆ ಹೋದರು.

ಮರುದಿನ ಇಡೀ ಸ್ಟೋರಿನ ಪರೀಕ್ಷೆ. ಅರವತ್ತೆಂಟು ರಾಡು. ಕಿಟಕಿಗೆಲ್ಲ ಗೋಣಿ ಕಟ್ಟಿದರು. ಆವಲಪ್ಪ ರಾಡು ಹಿಡಿಯುವುದು, ಗದಿಗೆಪ್ಪ ಕಿಡಿ ನೋಡಿ ಹೆಸರು ಹೇಳುವುದು, ಆವಲಪ್ಪ ಬಣ್ಣ ಬಳಿಯುವುದು. ಹತ್ತು ರಾಡಿನವರೆಗೆ ಗದಿಗೆಪ್ಪನೇ ಹೇಳಿದ. ಇಪ್ಪತ್ತರ ಹೊತ್ತಿಗೆ ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಮೂವತ್ತೊಂದನೆಯ ರಾಡು ತಾಗಿಸಿದಾಗ ಗದಿಗೆಪ್ಪ ಇನ್ನೂ ಕಣ್ಣು ಕಿರಿದು ಮಾಡುತ್ತಿದ್ದ, ಆವಲಪ್ಪ ಮೊದಲೇ ಅಂದುಬಿಟ್ಟ: "ಟ್ವೆಂಟಿಫೋರು ಕಣಣ್ಣೋ. ಈಟಿ ಐತೆ ನೋಡು."

ಗದಿಗೆಪ್ಪ ಇನ್ನೊಮ್ಮೆ ತಾಗಿಸಿ ನೋಡಿದ. ಈಟಿ ಇತ್ತು. ಇಷ್ಟು ವರ್ಷ ಇದೇ ಗಳಿಗೆಗೆ ಅವನು ಹೆದರಿದ್ದ. ಬಂದಾಗ ನೋಡಿದರೆ ಹೆದರಿಕೆಯ ಸುಳಿವೇ ಇಲ್ಲ. ಎದೆ ಹಗುರವಾಗಿತ್ತು, ನಗು ಬರುತ್ತಿತ್ತು. ಊರಿನಲ್ಲಿ ಹಬ್ಬ ಮಾಡುವಾಗಲೂ, ತಾನಿಲ್ಲದೆ ಸ್ಟೋರಿನಲ್ಲಿ ಏನಾಗುತ್ತಿದೆಯೋ ಎಂದು ತಾನು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ ಎಂದು ಅವನಿಗೆ ಹೊಳೆಯಿತು.

"ಮುಂದಿಂದ ನೀನ ಹೇಳೋ" ಎಂದು ಗ್ರೈಂಡರನ್ನು ಆವಲಪ್ಪನ ಕೈಗೆ ಕೊಟ್ಟು, ಗದಿಗೆಪ್ಪ ಸ್ಟೂಲು ಎಳೆದುಕೊಂಡು ಕೂತ.