ಸರ್ ತಿದ್ದಿಕೊಟ್ಟ ಉತ್ತರ

ವಿದೇಶದ ವಿಶ್ವವಿದ್ಯಾಲಯಕ್ಕೆ ನಾನು ಅರ್ಜಿ ಹಾಕಿದ್ದು ಅದು ಮೂರನೆಯ ಸಲ. ಸಾಮಾಜಿಕ ಮಾನವಶಾಸ್ತ್ರದಲ್ಲಿ ಪಿಎಚ್‌ಡಿ. ವಿಷಯ, ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯ ಬೀಡಿ ಕಟ್ಟುವ ಹೆಂಗಸರು. ಹಿಂದಿನ ಎರಡು ಸಲವೂ ಎರಡೇ ಸಾಲಿನ ಉತ್ತರ ಬಂದು ಮುಗಿದಿತ್ತು. ಈ ಸಲ ಆಗದಿದ್ದರೆ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದೆ. ಮೂಡುಬಿದಿರೆಯ ಕಾಲೇಜಿನಲ್ಲಿ ದಿನವಿಡೀ ಪಾಠ, ಮನೆಗೆ ಬಂದರೆ ಉತ್ತರಪತ್ರಿಕೆಗಳ ಕಟ್ಟು, ಅದರ ಮಧ್ಯೆ ನನ್ನ ಬಗ್ಗೆ ನಾನೇ ಹೊಗಳಿ ಬರೆಯುವ ಕೆಲಸ. ಗಾಣದೆತ್ತಿನ ಪಾಡು. ನಿಜ ಹೇಳುತ್ತೇನೆ, ಆಸೆಗಿಂತ ಹೆಚ್ಚು ಸುಸ್ತೇ ಉಳಿದಿತ್ತು.

ಅರ್ಜಿಯ ಜೊತೆ ಗುರುಗಳೊಬ್ಬರ ಶಿಫಾರಸು ಬೇಕು. ನಮ್ಮಲ್ಲಿ ಶಿಫಾರಸನ್ನು ಗುರುಗಳು ಬರೆಯುವ ಕ್ರಮವಿಲ್ಲ. ಶಿಷ್ಯರೇ ಬರೆದು ತೆಗೆದುಕೊಂಡು ಹೋಗಬೇಕು, ಅವರು ಕಣ್ಣಾಡಿಸಿ ಒಪ್ಪಿಗೆ ಕೊಡುತ್ತಾರೆ. ನನ್ನ ಸರ್ ಕೂಡ ಫೋನಿನಲ್ಲಿ, "ನೀನೇ ಬರೆದು ತಾ, ನಾನು ನೋಡ್ತೇನೆ" ಅಂದಿದ್ದರು. ಹೊಸ ಅರ್ಜಿಯಲ್ಲಿ ಗುರುಗಳಿಗೆ ಒಂದು ಪ್ರಶ್ನೆ ಇತ್ತು: ಈ ವಿದ್ಯಾರ್ಥಿ ನಿಮ್ಮ ಮಾತನ್ನು ಒಪ್ಪದೆ ವಾದಿಸಿದ ಒಂದು ಸಂದರ್ಭವನ್ನು ವಿವರಿಸಿ. ಓದಿದಾಗ ಮೂರು ವರ್ಷಗಳಲ್ಲಿ ಮೊದಲ ಸಲ ಖುಷಿಯಾಯಿತು. ವಾದಿಸುವುದು ಅಲ್ಲಿಯವರಿಗೆ ಗುಣ, ಮತ್ತು ಅದಕ್ಕೆ ನನ್ನಲ್ಲಿ ಉತ್ತರ ಇತ್ತು.

ಡಿಗ್ರಿಯಲ್ಲಿ ಸರ್ ಒಂದು ದಿನ, ಬೀಡಿ ಕಟ್ಟುವುದು ಹೆಂಗಸರ ಬಿಡುವಿನ ವೇಳೆಯ ಕಸುಬು ಎಂದು ಪಾಠ ಮಾಡಿದ್ದರು. ನಾನು ಎದ್ದು ನಿಂತು, "ಸರ್, ನನ್ನ ಅಮ್ಮನಿಗೆ ಬಿಡುವೇ ಇಲ್ಲ" ಅಂದೆ. ಅನ್ನ ಬೇಯುವಾಗಲೂ ಅವಳ ಮಡಿಲಲ್ಲಿ ಎಲೆ, ತಂಬಾಕಿನ ಗೆರಸೆ ಇರುತ್ತದೆ, ಜ್ವರ ಬಂದ ದಿನವೂ ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿಗೆ ಲೆಕ್ಕದಷ್ಟು ಬೀಡಿ ಮುಟ್ಟಿಸುತ್ತಾಳೆ ಎಂದು ಬೆಲ್ ಆಗುವವರೆಗೆ ವಾದಿಸಿದೆ. ಸರ್ ಎರಡು ದಿನ ನನ್ನ ಬೆಂಚಿನ ಕಡೆ ನೋಡಲಿಲ್ಲ. ಮೂರನೆಯ ದಿನ ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕೂತು, ಅಮ್ಮನ ಕೈಯನ್ನೇ ನೋಡುತ್ತಾ ಚಹಾ ಆರಿಸಿಬಿಟ್ಟರು. ನಾನು ಈ ವಿಷಯಕ್ಕೆ ಬಿದ್ದದ್ದು ಅಲ್ಲಿಂದಲೇ. ಅದನ್ನೇ ಸರ್ ಬರೆದಂತೆ ಒಂದು ಪುಟ ಬರೆದೆ.

ಸರ್ ನಿವೃತ್ತರಾಗಿ ಮಡಂತ್ಯಾರಿನಲ್ಲಿದ್ದಾರೆ. ಭಾನುವಾರ ಮದುವೆಗೆ ಹೊರಟವರ ನಡುವೆ ಬಸ್ಸಿನಲ್ಲಿ ನಿಂತೇ ಹೋದೆ. ಸರ್ ಕನ್ನಡಕ ಹಾಕಿ ಓದಿದರು. ಆ ಪುಟಕ್ಕೆ ಬಂದಾಗ ಮುಖ ಸಣ್ಣದಾಯಿತು. ಕಿಸೆಯಿಂದ ಕೆಂಪು ಪೆನ್ನು ತೆಗೆದು ಮೇಲಿಂದ ಕೆಳಗೆ ಒಂದೇ ಗೆರೆ ಎಳೆದರು.

"ಆ ದಿನದ್ದನ್ನು ನಾನು ಅಂದೇ ಮರೆತಿದ್ದೇನೆ. ನೀನಿನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ?"

ನಾನು ಕ್ಷಮೆ ಕೇಳಲು ಬಂದವಳು ಎಂದುಕೊಂಡಿದ್ದರು, ಪಾಪ.

"ಸರ್, ಅವರು ಕೇಳುವುದೇ ಅದನ್ನು."

"ಕೇಳ್ತಾರೆ. ಕೇಳಿದ್ದಕ್ಕೆಲ್ಲ ಹೇಳ್ಲಿಕ್ಕೆ ಉಂಟಾ? ಅದು ನೀನು ಎಂಥವಳು ಅಂತ ಪರೀಕ್ಷೆ ಮಾಡುವುದು ಮಾರಾಯ್ತಿ. ಗುರುತು ಪರಿಚಯ ಇಲ್ಲದವರು, ನಿನ್ನನ್ನು ಜಗಳಗಂಟಿ ಅಂತ ಗ್ರಹಿಸಿದ್ರೆ? ನನ್ನ ಮಗಳಿಗಾದರೆ ನಾನು ಹೀಗೆ ಬರೀತಿದ್ದೆನಾ?"

ವಾದಿಸಬೇಕಿತ್ತು. ಹತ್ತೊಂಬತ್ತರ ಹುಡುಗಿಗೆ ಇದ್ದ ಧೈರ್ಯ ನನಗಿರಲಿಲ್ಲ. ದಿನಾ ಪ್ರಾಂಶುಪಾಲರಿಗೆ, ಆಫೀಸಿನವರಿಗೆ ಹೂಂ ಹೂಂ ಅಂದೂ ಅಂದೂ ಅದೇ ಅಭ್ಯಾಸವಾಗಿಬಿಟ್ಟಿದೆ. ಸರ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತಾ ಹೋದರು, ಅವರ ಲ್ಯಾಪ್‌ಟಾಪಿನಲ್ಲಿ ನಾನೇ ಟೈಪ್ ಮಾಡಿದೆ: ಅಂಥ ಸಂದರ್ಭ ಒಮ್ಮೆಯೂ ಬಂದಿಲ್ಲ, ಈಕೆ ಹಿರಿಯರಿಗೆ ಎದುರು ಮಾತಾಡಿದವಳಲ್ಲ.

"ಸರಿ ಉಂಟಲ್ಲ?" ಅಂದರು.

"ಸರಿ ಉಂಟು ಸರ್."

ಕಳಿಸುವ ಗುಂಡಿ ಎಲ್ಲಿದೆ ಎಂದು ಅವರಿಗೆ ಗೊತ್ತಾಗಲಿಲ್ಲ. ನಾನೇ ಒತ್ತಿದೆ. ಹೊರಡುವಾಗ ಸರ್ ಗೇಟಿನವರೆಗೆ ಬಂದು, ಈ ಸಲ ಖಂಡಿತ ಆಗ್ತದೆ ಎಂದು ತಲೆ ಮುಟ್ಟಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಸರ್ ಏನು ಬರೆದರು ಎಂದು ತುಳುವಿನಲ್ಲಿ ಕೇಳಿದಳು.

"ನಾನು ಯಾರಿಗೂ ಎದುರು ಮಾತಾಡಿದವಳಲ್ಲ ಅಂತ."

ಅಮ್ಮ ಜೋರಾಗಿ ನಕ್ಕಳು. "ನೀನಾ! ಮತ್ತೆ ನೀನೇನು ಹೇಳಿದೆ?"

"ಏನೂ ಹೇಳಲಿಲ್ಲ."

ಅಮ್ಮನ ನಗು ನಿಂತಿತು. ಕೈ ನಿಲ್ಲಲಿಲ್ಲ. ಹಿಡಿದಿದ್ದ ಬೀಡಿಗೆ ನೂಲು ಸುತ್ತಿ ಗೆರಸೆಗೆ ಹಾಕಿದ ಮೇಲೆ, "ಹಾಗಾದರೆ ಅವರು ಬರೆದದ್ದು ಸರಿಯೇ ಉಂಟಲ್ಲ" ಅಂದಳು.