ಬೀಗತಿ ಒಪ್ಪದ ಕಾರು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆ ಯಾರೂ ಚರ್ಚೆಗೆ ಎತ್ತದ ಮಾತು. ಆದರೆ ಆ ವರ್ಷ, ಬಸುರಿಗೆ ಮಾಡುವ ಕುಬಸದ ಊಟ ಮುಗಿದು ನನ್ನ ತಂಗಿ ಹಸಿರು ಸೀರೆಯುಟ್ಟು ಚೀಲ ಕಟ್ಟಿಕೊಂಡು ಕೂತ ಮೇಲೆ, ಅವಳ ಅತ್ತೆ ಬಾಗಿಲಿಗೆ ಬಂದು ನಿಂತು ನನ್ನ ಕಾರನ್ನು ನೋಡಿದರು.

"ಇದರಾಗ ಕಳಸೂದಿಲ್ರಿ," ಎಂದರು.

ಹಿಂದಿನ ವರ್ಷ ತಂಗಿಯ ಬಸಿರು ಅರ್ಧಕ್ಕೇ ಇಳಿದುಹೋಗಿತ್ತು. ಈ ಸಲ ಡಾಕ್ಟರು ನಮ್ಮೂರು ಬನಹಟ್ಟಿಯವರೆಗಿನ ಪ್ರಯಾಣಕ್ಕೆ ಒಪ್ಪಿದ್ದರು, ಕುಲುಕಾಟ ಮಾತ್ರ ಆಗಬಾರದು ಎಂದಿದ್ದರು. ಬೀಗತಿಗೆ ಆ ಮಾತಿನ ಕೊನೆಯ ತುಂಡಷ್ಟೇ ಕೇಳಿಸಿತ್ತು. ಬೇರೆ ಗಾಡಿ ತರುತ್ತೇನೆ ಎಂದೆ, ಯಾವುದೂ ಬೇಡ ಎಂದರು. ಹೆರಿಗೆ ತಮ್ಮೂರ ಪಕ್ಕದ ಬೀಳಗಿಯಲ್ಲೇ ಆಗಲಿ ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಎದುರಾಡಲು ಬಾಯಿ ಬರಲಿಲ್ಲ. ಆ ಬೆಳಿಗ್ಗೆಯಷ್ಟೇ, ಹೂವು ಹಣ್ಣು ತರಲು ಹೋಗಿದ್ದ ಬೀಗತಿಯನ್ನು ಬೀಳಗಿಯ ಬಸ್ ಸ್ಟ್ಯಾಂಡಿನಿಂದ ನಾನೇ ಕರೆತಂದಿದ್ದೆ. ಅವರ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ, ಎತ್ತರದ ಬಯಲಿನಲ್ಲಿ ಎದ್ದ ಹೊಸ ಊರದು. ರಸ್ತೆಗೆ ಜಲ್ಲಿಯ ಖಡಿ ಬಿದ್ದಿತ್ತು, ಡಾಂಬರು ಬಿದ್ದಿರಲಿಲ್ಲ. ಆ ಖಡಿಯ ಮೇಲೆ ಅವರ ತಲೆ ಕಾರಿನ ಚಾವಣಿಗೆ ಬಡಿದಿತ್ತು.

ಹೊರಡುವಾಗ ತಂಗಿ ದನದ ಕೊಟ್ಟಿಗೆಯ ಮರೆಗೆ ಕರೆದಳು. ಅಳಲಿಲ್ಲ. "ಅಣ್ಣಾ, ಹೆಂಗರ ಮಾಡಿ ಅವ್ವನ ಕಡಿ ಕರ್ಕೊಂಡ ಹೋಗು. ಇಲ್ಲಿ ಎಲ್ಲಾರೂ ನನ್ನ ಹೊಟ್ಟೀನ ನೋಡತಾರ, ನನ್ನ ಯಾರೂ ನೋಡೂದಿಲ್ಲ," ಎಂದಳು. ಖಾಲಿ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿದ್ದ ತಗ್ಗುಗಳಿಗೆಲ್ಲ ಬೈದೆ.

ಮನೆಗೆ ಬಂದು ಹೇಳಿದರೆ ಅಪ್ಪನಿಗೆ ಅದೊಂದು ಸಮಸ್ಯೆಯೇ ಅಲ್ಲ. ನಾವು ನೇಕಾರರು. ಉದ್ದಕ್ಕೆ ಚಾಚಿದ ಹಾಸಿನ ನೂಲು ಸಡಿಲಾದರೆ ಮಗ್ಗದ ಹಿಂದೆ ಕಬ್ಬಿಣದ ಭಾರ ತೂಗುಬಿಡುತ್ತೇವೆ, ನೂಲು ಬಿಗಿಯಾಗುತ್ತದೆ, ಸೀರೆ ಸರಿ ಬರುತ್ತದೆ. ಯಾವುದು ಅಲುಗಾಡಿದರೂ ಅಪ್ಪನ ಮದ್ದು ಭಾರವೇ. ಖಾಲಿ ಬಂಡಿ ಜಿಗಿಯುತ್ತದೆ, ಹೇರಿದ ಬಂಡಿ ನೆಲ ಹಿಡಿಯುತ್ತದೆ ಎಂದು ವಾದಿಸಿ, ಮಗ್ಗದ ಆ ಕಬ್ಬಿಣವನ್ನೇ ಗೋಣಿಚೀಲದಲ್ಲಿ ತುಂಬಿ ಡಿಕ್ಕಿಗೆ ಹಾಕಿಸಿದರು. ರಬಕವಿಯವರೆಗೆ ಒಂದು ಸುತ್ತು ಹೋಗಿ ಬಂದೆವು. ಹಿಂದಿನ ಸೀಟಿನಲ್ಲಿ ಕೂತ ಅಪ್ಪನಿಗೆ ಎಲ್ಲ ಛಲೋ ಆಗಿತ್ತು. ಸ್ಟಿಯರಿಂಗ್ ಹಿಡಿದ ನನಗೆ ಮಾತ್ರ ಮುಂದಿನ ಗಾಲಿಗಳು ರಸ್ತೆ ಬಿಟ್ಟು ತೇಲುತ್ತಿವೆ ಅನ್ನಿಸಿತು. ತಿರುವಿನಲ್ಲಿ ಕಾರು ನನ್ನ ಕೈಯ ಮಾತು ತಡವಾಗಿ ಕೇಳುತ್ತಿತ್ತು. ಅಪ್ಪನ ಮುಂದೆ ಏನೂ ಹೇಳದೆ ಮರುದಿನ ಕಾರನ್ನು ಜಮಖಂಡಿಗೆ ಒಯ್ದೆ.

ಅಲ್ಲಿ ಗ್ಯಾರೇಜು ಇಟ್ಟಿದ್ದವನು ಹುನ್ನೂರಿನವನು, ಒಟ್ಟಿಗೆ ಓದಿದ ನನ್ನ ಸಾಲಿ ಗೆಳೆಯ. ಡಿಕ್ಕಿ ತೆಗೆದು ಚೀಲ ನೋಡಿದವನೇ ಸೊಂಟದ ಮೇಲೆ ಕೈಯಿಟ್ಟು ನಿಂತ. "ಲೇ, ಹಿಂದ ಭಾರ ಹಾಕಿ ಮುಂದಿನ ಗಾಲೀನ ಗಾಳ್ಯಾಗ ಎತ್ತೀಯಲ್ಲೋ," ಎಂದ. ಇದು ನೇಕಾರರ ರಿಪೇರಿ ಎಂದು ಆಮೇಲೆ ಆಗಾಗ ನೆನೆಸಿಕೊಂಡು ನಕ್ಕ.

ಚೀಲ ಇಳಿಸಿ, ಮುಂದಿನ ಗಾಲಿಯ ಮೇಲಿನ ತಗಡಿಗೆ ಎರಡೂ ಕೈ ಊರಿ ಮೈಭಾರ ಬಿಟ್ಟು ಒತ್ತಿ ಬಿಡು ಎಂದ. ಒತ್ತಿ ಬಿಟ್ಟೆ. ಒಮ್ಮೆ ಎದ್ದು ಸುಮ್ಮನಾಗಬೇಕಿದ್ದ ಕಾರು ತೊಟ್ಟಿಲಿನಂತೆ ತೂಗುತ್ತಲೇ ಇತ್ತು. ಟೈರಿನ ಮೇಲೆ ಅಂಗೈ ಆಡಿಸಿದರೆ ಅಲ್ಲೊಂದು ಇಲ್ಲೊಂದು ಕಡೆ ಸವೆದು ತಗ್ಗಾಗಿತ್ತು. ಗಾಲಿ ಬಿಚ್ಚಿದ ಮೇಲೆ ಕಂಡದ್ದು ಶಾಕಪ್ಪಿನ ಮೈತುಂಬ ಎಣ್ಣೆ, ಎಣ್ಣೆಗೆ ಮೆತ್ತಿದ ಮಣ್ಣು. ಸ್ಪ್ರಿಂಗ್ ಇರುವುದು ಏಟು ತಿನ್ನಲು, ಅದರ ನಡುವಿನ ಶಾಕಪ್ ಇರುವುದು ಸ್ಪ್ರಿಂಗಿನ ಕುಣಿತ ನಿಲ್ಲಿಸಲು, ಒಳಗಿನ ಎಣ್ಣೆ ಹೋದರೆ ನಿಲ್ಲಿಸುವವರೇ ಇಲ್ಲ ಎಂದು ವಿವರಿಸಿದ. ಒಂದೇ ಬದಿಗೆ ಸೋರಿದ್ದರೂ ಎರಡೂ ಬದಿಗೆ ಹೊಸದನ್ನೇ ಹಾಕಬೇಕು, ಇಲ್ಲದಿದ್ದರೆ ಕಾರು ಕುಂಟುತ್ತದೆ ಎಂದ.

ಕೆಲಸಕ್ಕೆ ನಾನೂ ಕೈ ಹಚ್ಚಿದೆ. ಬ್ರೇಕಿನ ಪೈಪು ಬಿಡಿಸಿ, ಕೆಳಗಿನ ಬೋಲ್ಟುಗಳನ್ನು ತೆಗೆದು, ಬಾನೆಟ್ಟಿನ ಒಳಗಿನ ನಟ್ಟುಗಳನ್ನು ಕೊನೆಗೆ ಬಿಚ್ಚಿದರೆ ಸ್ಪ್ರಿಂಗು ಶಾಕಪ್ಪು ಕೂಡಿದ ಇಡೀ ಕಂಬ ಕೈಗೆ ಬರುತ್ತದೆ. ಸ್ಪ್ರಿಂಗಿಗೆ ಎರಡು ಕಡೆ ಕೊಕ್ಕೆ ಸಿಕ್ಕಿಸಿ ಸಮನಾಗಿ ಬಿಗಿದು ಅದನ್ನು ಅದುಮುತ್ತ ಹೋಗಬೇಕು. ಆ ಹೊತ್ತಿನಲ್ಲಿ ಗೆಳೆಯ ನಗುವುದನ್ನು ಬಿಟ್ಟಿದ್ದ. ಕೊಕ್ಕೆ ಜಾರಿದರೆ ಮುಖ ಉಳಿಯುವುದಿಲ್ಲ, ಆಚೆ ಸರಿ ಎಂದು ನನ್ನನ್ನು ಗದರಿದ. ಕಂಬದ ಮೇಲಿನ ರಬ್ಬರು ಬಿರುಕು ಬಿಟ್ಟಿತ್ತು, ಹೊಸ ಶಾಕಪ್ಪಿನ ಜೊತೆ ಅದನ್ನೂ ಬದಲಿಸಿದ. ಸಂಜೆ ಗಾಲಿಗಳನ್ನು ನೇರ ಮಾಡಿಸಿ, ಮತ್ತೆ ತಗಡು ಒತ್ತಿ ಬಿಟ್ಟೆ. ಕಾರು ಎದ್ದಿತು, ನಿಂತಿತು. ನನಗೆ ಆದ ಖುಷಿ ಹೇಳತೀರದು.

ಮುಂದಿನ ವಾರ ಬೀಗತಿಯ ಊರಿಗೆ ಹೋದೆ. ಎಲ್ಲ ವಿವರಿಸಿದೆ. ಬೀಗತಿ ಕೇಳಿಸಿಕೊಂಡು, ಮೊದಲು ನಾನು ಕೂಡುತ್ತೇನೆ ಎಂದರು. ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ, ತಂಗಿ ಕೂರಬೇಕಾದ ಜಾಗದಲ್ಲೇ ಕೂತರು. ಖಡಿ ರಸ್ತೆ ದಾಟಿ ಅನಗವಾಡಿಯ ಕಡೆ ಒಂದಷ್ಟು ದೂರ ಹೋದೆವು. ಕನ್ನಡಿಯಲ್ಲಿ ನೋಡಿದರೆ ಆ ವಯಸ್ಸಾದ ಹೆಂಗಸು ತಮ್ಮ ಹೊಟ್ಟೆಯ ಮೇಲೆಯೇ ಎರಡೂ ಅಂಗೈ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು.

ಮನೆಯ ಮುಂದೆ ನಿಲ್ಲಿಸಿದೆ. ಬೀಗತಿ ಇಳಿಯಲಿಲ್ಲ.

"ಹ್ವಾದ ವರ್ಷ ದೇವರಿಗೆ ಹೋಗೂನು ಅಂತ ಆಕೀನ ಜೀಪಿನ್ಯಾಗ ಕೂಡಿಸಿದಾಕಿ ನಾನ ತಮ್ಮಾ. ಅದರಿಂದ ಆಗಿಲ್ಲ ಅಂತಾರ ಡಾಕ್ಟರು. ನನಗ ಖರೆ ಅನಸೂದಿಲ್ಲ."

ಇಷ್ಟು ದಿನ ನಾನು ಹಟ ಎಂದುಕೊಂಡಿದ್ದು ಹಟವಾಗಿರಲಿಲ್ಲ. ಅಷ್ಟರಲ್ಲಿ ತಂಗಿ ಚೀಲ ಹಿಡಿದು ಬಾಗಿಲಿಗೆ ಬಂದಿದ್ದಳು. ಬೀಗತಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು.

"ನಾನೂ ಬರತೀನಿ. ನಿಮ್ಮ ಮನೀ ಬಾಗಲಾ ಮುಟ್ಟೂತನಕ," ಎಂದರು.

ಸೊಸೆಯನ್ನು ತವರಿಗೆ ಬಿಡಲು ಅತ್ತೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ಅದನ್ನು ಎತ್ತಲಿಲ್ಲ. ಜಮಖಂಡಿಯವರೆಗೆ ಪ್ರತಿ ತಗ್ಗಿಗೂ ಇಬ್ಬರೂ ಉಸಿರು ಹಿಡಿಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಜಮಖಂಡಿ ದಾಟಿದ ಮೇಲೆ ಆ ಸದ್ದು ನಿಂತಿತು. ಬನಹಟ್ಟಿಯಲ್ಲಿ ನಮ್ಮ ಮನೆಯ ಮುಂದೆ ಅವ್ವ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ನಾನು ಎಂಜಿನ್ ಬಂದ್ ಮಾಡದೆ, ಸುಮ್ಮನಿರು ಎಂದು ಅವಳಿಗೆ ಕೈಸನ್ನೆ ಮಾಡಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು.